ಅಂದಾನಪ್ಪನು ಎಡಗಾಜನ್ನಿಳಿಸಿದ ಪ್ರಸಂಗವು

ಸ್ವಸ್ತಿ! ಗುಂಡಿ ಒತ್ತಿದರೆ ದೀಪ ಹತ್ತುವ, ಗುಂಡಿ ಒತ್ತಿದರೆ ಚಟ್ನಿ ನುಣ್ಣಗಾಗುವ, ಗುಂಡಿ ಒತ್ತಿದರೆ ದೂರದೂರಿನ ಬೀಗರ ಮುಖವು ಅಂಗೈಯಲ್ಲಿ ಮೂಡಿ ಕುಶಲ ಕೇಳುವ ಈ ಗುಂಡಿಯುಗದಲ್ಲಿ, ಎಷ್ಟು ಒತ್ತಿದರೂ ಏನೂ ಆಗದ ಒಂದೇ ಒಂದು ಗುಂಡಿಯೆದುರು ನಿಂತು ಎದೆಗೆಡದ ಮಹಾಶೂರನ ಚರಿತ್ರೆಯನ್ನು ಹೇಳುವೆನು, ಕಿವಿಗೊಡಿ. ತಂತಿಗಳಲ್ಲಿ ಹರಿಯುವ, ಮೀಟರುಗಳಲ್ಲಿ ತಿರುಗುವ, ಬೇಸಿಗೆಯ ಮಧ್ಯಾಹ್ನ ಹೇಳದೆ ಕೇಳದೆ ಹೊರಟುಹೋಗುವ ಓ ವಿದ್ಯುದ್ದೇವಿಯೇ, ಈ ಕಥೆ ಮುಗಿಯುವ ತನಕವಾದರೂ ಹೋಗಬೇಡ. ಕಥೆಗಾರನಿಗೆ ಫ್ಯಾನು ಬೇಕು.

ಗದಗ ಪಟ್ಟಣದ ಒಂದು ಕಾಲೊನಿಯಲ್ಲಿ, ನೀರಿನ ಟಾಕಿಯ ಹಿಂದಿನ ಸಾಲಿನಲ್ಲಿ, ಸಮಸ್ತ-ವಿದ್ಯುತ್‌ಸ್ತಂಭ-ಪ್ರತಿಷ್ಠಾಪನಾಚಾರ್ಯನೂ, ನಲವತ್ತೆರಡು-ಗ್ರಾಮ-ತಿಮಿರ-ಸಂಹಾರಕನೂ, ಕೊಕ್ಕೆಹಾಕಿ-ಕರೆಂಟು-ಕದಿಯುವವರ-ಎದೆನಡುಕನೂ ಆದ ಅಂದಾನಪ್ಪನು ವಾಸವಾಗಿದ್ದನು. ವಿದ್ಯುತ್ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದು, ಸೆಕ್ಷನ್ ಆಫೀಸರನೆಂಬ ಬಿರುದಿನೊಂದಿಗೆ ನಿವೃತ್ತನಾಗಿ ಅವನಿಗೆ ಮೂರು ವರ್ಷವಾಗಿತ್ತು. ಒಂದು ಕಾಲಕ್ಕೆ ಅವನು ಕೆಮ್ಮಿದರೆ ಕಂಬದ ಮೇಲಿದ್ದ ಲೈನ್‌ಮನ್ ಕೆಳಗಿಳಿಯುತ್ತಿದ್ದ. ಈಗ ಕೆಮ್ಮಿದರೆ ಹೆಂಡತಿ ಕಷಾಯ ತಂದಿಡುತ್ತಿದ್ದಳು. ನಿವೃತ್ತಿಯ ನಂತರ ಮನೆಯಲ್ಲಿ ಅವನ ಮಾತು ಕೇಳುವ ಪ್ರಾಣಿಯಾಗಲಿ ವಸ್ತುವಾಗಲಿ ಒಂದೇ ಒಂದು ಉಳಿದಿತ್ತು. ಅದು ಅಂಗಳದಲ್ಲಿ ನಿಂತಿದ್ದ, ಇಪ್ಪತ್ತೊಂದು ವರ್ಷದ ಬಿಳಿಯ ಕಾರು.

ಆ ಶ್ವೇತರಥದ ವೈಭವವನ್ನೂ ಸ್ವಲ್ಪ ಕೇಳಿ. ಅದರ ಹಿಂದಿನ ಎರಡು ಗಾಜುಗಳನ್ನು ಕೈಯಿಂದ ಹಿಡಿಕೆ ತಿರುಗಿಸಿ ಇಳಿಸಬೇಕು. ಮುಂದಿನ ಎರಡಕ್ಕೆ ಮಾತ್ರ ಕರೆಂಟಿನ ಗುಂಡಿಗಳು. ಕೊಂಡ ಹೊಸತರಲ್ಲಿ ಈ ಗುಂಡಿಗಳನ್ನು ನೋಡಲೆಂದೇ ಓಣಿಯ ಜನ ಬರುತ್ತಿದ್ದರು, ಅಂದಾನಪ್ಪನು ಗಾಜನ್ನು ಇಳಿಸಿ ಏರಿಸಿ ಇಳಿಸಿ ತೋರಿಸುತ್ತಿದ್ದನು. ಆ ಮುಂದಿನ ಎಡಗಾಜು ಬುಧವಾರ ಸಂಜೆ ಮೇಲೇರಿದ್ದು, ಮತ್ತೆ ಇಳಿಯಲೊಲ್ಲೆನೆಂದು ಕುಳಿತುಬಿಟ್ಟಿತು.

ಎಡಗಾಜು ಇಳಿಯದಿದ್ದರೆ ಲೋಕಕ್ಕೇನು ನಷ್ಟವೆಂದು ನೀವು ಕೇಳಬಹುದು. ಲೋಕಕ್ಕಿಲ್ಲ, ಅಂದಾನಪ್ಪನಿಗಿದೆ. ಅವನ ಧರ್ಮಪತ್ನಿ ಕಸ್ತೂರೆವ್ವನಿಗೆ ಕಾರು ಹತ್ತಿದರೆ ಹೊಟ್ಟೆ ತೊಳಸುತ್ತದೆ. ಹಿಂದಿನ ಸೀಟಿನಲ್ಲಿ ಕೂತರಂತೂ ಊರ ಗಡಿ ದಾಟುವ ಮೊದಲೇ ವಾಂತಿ. ಮುಂದೆ, ಗಂಡನ ಎಡಕ್ಕೆ, ಗಾಜನ್ನು ನಾಲ್ಕು ಬೆರಳು ಇಳಿಸಿ, ಮುಖಕ್ಕೆ ಗಾಳಿ ಬೀಸುವಂತೆ ಕೂತರೆ ಮಾತ್ರ ಆಕೆ ಎಷ್ಟು ದೂರವಾದರೂ ಬರಬಲ್ಲಳು. ಇಪ್ಪತ್ತೊಂದು ವರ್ಷ ಹಾಗೆಯೇ ಬಂದಿದ್ದಳು. ಈಗ ಶುಕ್ರವಾರ ಕೊಪ್ಪಳದಲ್ಲಿ ಆಕೆಯ ಅಣ್ಣನ ಮಗಳಿಗೆ ಕುಬಸದ ಕಾರ್ಯ. ಬಸುರಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬುವ ಆ ಸಮಾರಂಭಕ್ಕೆ ತವರಿನ ಇಡೀ ಬಳಗ ನೆರೆಯುವುದಿತ್ತು.

ಗುರುವಾರ ಸಂಜೆ ರೊಟ್ಟಿ ಬಡಿಯುತ್ತಲೇ ಕಸ್ತೂರೆವ್ವನು ತನ್ನ ಶಾಸನವನ್ನು ಹೊರಡಿಸಿದಳು.

"ನೋಡ್ರಿ, ನಾಳೆ ಒಂಬತ್ತಕ್ಕ ಹೊರಡೂದು. ಆ ಗ್ಲಾಸ್ ಇಳದ್ರ ನಿಮ್ಮ ಜೋಡಿ ಬರ್ತೀನಿ. ಇಳೀಲಿಲ್ಲಂದ್ರ ನಮ್ಮ ತಮ್ಮ ಶಂಕ್ರಪ್ಪ ಹೊಸಾ ಕಾರ್ ತರ್ತೀನಿ ಅಂದಾನ, ಅದರಾಗ ಹೋಗ್ತೀನಿ. ನೀವು ಹಿಂದಿಂದ ಬರ್ರಿ."

"ಹಿಂದಿಂದ ಅಂದ್ರ?"

"ಹಿಂದಿಂದ ಅಂದ್ರ ಹಿಂದಿಂದ."

ಅಂದಾನಪ್ಪನ ಕೈಯಲ್ಲಿದ್ದ ರೊಟ್ಟಿ ಬಾಯಿಗೆ ಹೋಗಲಿಲ್ಲ. ಕೊಪ್ಪಳದ ಆ ಪೆಂಡಾಲಿನ ಬಾಗಿಲಲ್ಲಿ ಹೆಂಡತಿ ಒಂದು ಕಾರಿನಿಂದ ಇಳಿಯುವುದು, ಅರ್ಧ ತಾಸಿನ ಮೇಲೆ ತಾನೊಬ್ಬನೇ ಇನ್ನೊಂದರಿಂದ ಇಳಿಯುವುದು, ಬೀಗರೆಲ್ಲ ಎಲೆ ಅಡಿಕೆ ಅಗಿಯುತ್ತ "ಯಾಕ್ರೀ ಅಂದಾನಪ್ನೋರ, ಒಬ್ಬರ ಬಂದ್ರಿ?" ಎಂದು ಕೇಳುವುದು ಅವನ ಕಣ್ಣಿಗೆ ಕಟ್ಟಿತು. ಅದಕ್ಕಿಂತ ದೊಡ್ಡದೊಂದು ಹೆದರಿಕೆಯೂ ಇತ್ತು, ಅದನ್ನು ಅವನು ಯಾರಿಗೂ ಹೇಳಲಿಲ್ಲ. ಒಮ್ಮೆ ಆಕೆ ಹೊಸ ಕಾರಿನ ಸುಖ ಕಂಡರೆ ಮತ್ತೆ ತನ್ನ ಪಕ್ಕಕ್ಕೆ ಬಂದು ಕೂರುವಳೇ ಎಂಬ ಹೆದರಿಕೆ ಅದು.

ಇತ್ತ ಶುಕ್ರವಾರದ ಅರುಣೋದಯವಾಯಿತು. ಹಾಲಿನವನ ಸೈಕಲ್ಲಿನ ಗಂಟೆಯು ಮಂಗಳವಾದ್ಯದಂತೆ ಮೊಳಗುತ್ತಿರಲು, ಪಟಾಪಟಿ ಚಡ್ಡಿಯನ್ನೇ ವೀರಗಚ್ಚೆಯಾಗಿಯೂ, ತೂತುಬಿದ್ದ ಬನಿಯನ್ನನ್ನೇ ವಜ್ರಕವಚವಾಗಿಯೂ ಧರಿಸಿದ ಅಂದಾನಪ್ಪನು ಅಂಗಳಕ್ಕೆ ಇಳಿದನು. ಅವನ ಬಲಗೈಯಲ್ಲಿ ಹೊಳೆಯುತ್ತಿದ್ದುದು ಟೆಸ್ಟರ್ ಎಂಬ ದಿವ್ಯಾಸ್ತ್ರ. ಕರೆಂಟು ಇರುವಲ್ಲಿ ಮುಟ್ಟಿಸಿದರೆ ಹೊಟ್ಟೆಯೊಳಗೆ ಕೆಂಪಗೆ ಹತ್ತುವ, ಮೂವತ್ತನಾಲ್ಕು ವರ್ಷ ಅವನ ಅಂಗಿಯ ಕಿಸೆಯನ್ನು ಬಿಟ್ಟಿರದ, ಒಮ್ಮೆಯೂ ಸುಳ್ಳಾಡದ ಟೆಸ್ಟರ್ ಅದು. ಅದನ್ನು ಗಾಜಿನತ್ತ ಚಾಚಿ ವೀರನು ಗರ್ಜಿಸಿದನು:

"ಎಲೈ ಕಾಚಾಧಮನೇ! ಸಿಡಿಲು ಬಡಿದು ಮೂರ್ಛೆಹೋದ ಟ್ರಾನ್ಸ್‌ಫಾರ್ಮರುಗಳನ್ನು ಕೋಳಿ ಕೂಗುವ ಮೊದಲೇ ಎಬ್ಬಿಸಿ ನಿಲ್ಲಿಸಿದ ಈ ಭುಜಗಳ ಪರಾಕ್ರಮವನ್ನು ನೀನರಿಯೆ. ಹನ್ನೊಂದು ಸಾವಿರ ವೋಲ್ಟಿನ ಮಹಾಪ್ರವಾಹವು ನನ್ನ ಸಹಿಯಿಲ್ಲದೆ ಒಂದು ಹಳ್ಳವನ್ನೂ ದಾಟುತ್ತಿರಲಿಲ್ಲ. ಮೊಳದುದ್ದದ ಗಾಜು, ನೀನು ನನಗೆ ಯಾವ ಲೆಕ್ಕ? ಸೂರ್ಯನು ಟಾಕಿಯ ನೆತ್ತಿಗೇರುವುದರೊಳಗೆ ನಿನ್ನನ್ನು ಬಾಗಿಲಿನ ಪಾತಾಳಕ್ಕೆ ಇಳಿಸದಿದ್ದರೆ, ಈ ಟೆಸ್ಟರನ್ನು ಮತ್ತೆ ಕಿಸೆಯಲ್ಲಿ ಧರಿಸೆನು!"

ಇದು ಕಥೆಗಾರನು ತಿದ್ದಿ ತೀಡಿ ಕೊಟ್ಟ ರೂಪ. ಅಂದಾನಪ್ಪನ ಬಾಯಿಂದ ನಿಜವಾಗಿ ಬಂದದ್ದು, "ಏಯ್, ನಿನ್ನಂಥಾವು ಭಾಳ ನೋಡೀನಿ" ಎಂದಷ್ಟೇ.

ಮೊದಲ ಮುತ್ತಿಗೆ ಫ್ಯೂಜಿನ ಪೆಟ್ಟಿಗೆಯ ಮೇಲಾಯಿತು. ಕೆಂಪು, ನೀಲಿ, ಹಳದಿ ಫ್ಯೂಜುಗಳನ್ನು ಒಂದೊಂದಾಗಿ ಸೆರೆಹಿಡಿದು, ಹಳೆಯ ಪೇಪರಿನ ಮೇಲೆ ಸಾಲಾಗಿ ನಿಲ್ಲಿಸಿ, ಬೆಳಕಿಗೆ ಹಿಡಿದು ವಿಚಾರಣೆ ನಡೆಸಿದನು. ಎಲ್ಲವೂ ನಿರಪರಾಧಿಗಳೆಂದು ಸಾಬೀತಾಯಿತು. ಅವನ್ನು ಮರಳಿ ಸಿಕ್ಕಿಸಿ, ಚಾವಿ ತಿರುಗಿಸಿ, ದಿವ್ಯಾಸ್ತ್ರವನ್ನು ತಂತಿಗೆ ಮುಟ್ಟಿಸಿದನು. ಹತ್ತಲಿಲ್ಲ. ಇನ್ನೊಂದು ತಂತಿಗೆ ಮುಟ್ಟಿಸಿದನು, ಹತ್ತಲಿಲ್ಲ. ಬ್ಯಾಟರಿಯ ನೆತ್ತಿಗೇ ಮುಟ್ಟಿಸಿದನು, ಅಲ್ಲಿಯೂ ಹತ್ತಲಿಲ್ಲ.

"ಇಡೀ ಗಾಡಿಯಾಗ ಕರೆಂಟ ಇಲ್ಲ," ಎಂದು ಅವನು ಘೋಷಿಸಿದನು.

ಕಟ್ಟೆಯ ಮೇಲೆ ನಿಂತು ತಲೆ ಬಾಚಿಕೊಳ್ಳುತ್ತಿದ್ದ ಕಸ್ತೂರೆವ್ವ ಬಾಗಿ ನೋಡಿದಳು. "ಮತ್ತ ಒಳಗ ಲೈಟ್ ಹತ್ತೈತಲ್ರಿ?"

"ಅದು ಬ್ಯಾರೆ ಲೈನ್."

ಹೀಗೆಂದು ಹೇಳಲು ಅವನಿಗೆ ಒಂದು ಕ್ಷಣವೂ ಬೇಕಾಗಲಿಲ್ಲ. ಇಲಾಖೆಯಲ್ಲಿದ್ದಾಗ ಉತ್ತರ ಗೊತ್ತಿಲ್ಲದ ಪ್ರಶ್ನೆಗೆಲ್ಲ ಅವನು ಕೊಡುತ್ತಿದ್ದ ಉತ್ತರ ಅದೇ ಆಗಿತ್ತು, ಮತ್ತು ಅದನ್ನು ಕೇಳಿದ ಹಳ್ಳಿಗರು ತಲೆದೂಗಿ ಮನೆಗೆ ಹೋಗುತ್ತಿದ್ದರು. ಕಸ್ತೂರೆವ್ವ ತಲೆದೂಗಲಿಲ್ಲ, ಹಣಿಗೆಯನ್ನು ಜಡೆಗೆ ಸಿಕ್ಕಿಸಿಕೊಂಡು ಒಳಗೆ ಹೋದಳು.

ಕರೆಂಟು ಎಲ್ಲಿ ತುಂಡಾಗಿದೆಯೆಂದು ಹುಡುಕುತ್ತ, ವೀರನು ಸ್ಟೇರಿಂಗಿನ ಕೆಳಗಿನ ಅಂಧಕಾರಕ್ಕೆ ಅಂಗಾತ ಮಲಗಿ ಪ್ರವೇಶಿಸಿದನು. ಅಲ್ಲಿ ಯಾವ ತಂತಿಯು ಯಾವ ತಂತಿಯನ್ನು ಆಲಿಂಗಿಸಿತೋ ತಿಳಿಯದು. ಕೂಡಲೇ ಹಾರ್ನು ತಾನಾಗಿಯೇ ಮೊಳಗಿತು. ಒಂದು ಬಾರಿಯಲ್ಲ, ಎರಡು ಬಾರಿಯಲ್ಲ, ನಿಲ್ಲದೆ ಮೊಳಗಿತು. ಆ ಯುದ್ಧಶಂಖದ ಅಬ್ಬರಕ್ಕೆ ಟಾಕಿಯ ಮೇಲಿನ ಪಾರಿವಾಳಗಳು ಹಾರಿದವು, ಎದುರುಮನೆಯ ಕೂಸು ಎದ್ದು ಅತ್ತಿತು, ಓಣಿಯವರು ಬಾಯಿತುಂಬ ಪೇಸ್ಟಿನ ನೊರೆಯೊಂದಿಗೆ ಗೇಟಿಗೆ ಬಂದು ನಿಂತರು. ಏಳು ನಿಮಿಷ ಕಳೆದ ಮೇಲೆ ಬ್ಯಾಟರಿಯ ತಂತಿಯನ್ನು ಕಿತ್ತು ಅವನು ಆ ಶಂಖದ ಬಾಯಿ ಮುಚ್ಚಿಸಿದನು. ಕರೆಂಟೇ ಇಲ್ಲದ ಗಾಡಿಯ ಹಾರ್ನು ಹೇಗೆ ಕೂಗಿತೆಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಅದೂ ಬೇರೆ ಲೈನೇ ಆಗುತ್ತಿತ್ತು.

ಆಮೇಲೆ ನಡೆದದ್ದು ಎಡಬಾಗಿಲಿನ ಚರ್ಮ ಸುಲಿಯುವ ಘೋರ ಕಾಳಗ. ಸ್ಕ್ರೂಗಳು ಉರುಳಿದವು, ಪ್ಲಾಸ್ಟಿಕ್ಕಿನ ಕ್ಲಿಪ್ಪುಗಳು ಟಕ್ಕು ಟಕ್ಕೆಂದು ವೀರಮರಣವನ್ನಪ್ಪಿದವು, ಒಳಹಲಗೆಯು ಕೊನೆಗೆ ಕರ್ರೆಂದು ಕಿತ್ತುಬಂತು. ಬಾಗಿಲಿನ ಹೊಟ್ಟೆಯೊಳಗೆ ಕೈಹಾಕಿದ ಅಂದಾನಪ್ಪನ ಮುಷ್ಟಿಗೆ ಸಿಕ್ಕಿದ್ದು ತಂತಿಯಲ್ಲ. ಲಿಂಬಿಹುಳಿ ಪೆಪ್ಪರಮೆಂಟಿನ ಕಾಗದಗಳು. ಒಂದು ಹಿಡಿ ತೆಗೆದನು, ಇನ್ನೊಂದು ಹಿಡಿ ಬಂತು. ಹೊಟ್ಟೆ ತೊಳಸದಿರಲೆಂದು ಪೆಪ್ಪರಮೆಂಟು ಚೀಪುತ್ತ, ಕಾಗದವನ್ನು ಸಣ್ಣಗೆ ಮಡಚಿ ಗಾಜಿನ ಸಂದಿಗೆ ತೂರಿಸುವುದು ಕಸ್ತೂರೆವ್ವನ ರೂಢಿಯೆಂದು ಅವನಿಗೆ ಇಪ್ಪತ್ತೊಂದು ವರ್ಷದಲ್ಲಿ ಗೊತ್ತೇ ಆಗಿರಲಿಲ್ಲ. ಬನಶಂಕರಿಗೆ ಹೋದದ್ದು, ಮಗಳ ಹೆರಿಗೆಗೆ ಹುಬ್ಬಳ್ಳಿಗೆ ಓಡಿದ್ದು, ಆಕೆಯ ಅವ್ವ ತೀರಿಕೊಂಡ ದಿನ ಒಂದೂ ಮಾತಿಲ್ಲದೆ ಕೊಪ್ಪಳಕ್ಕೆ ಹೋದದ್ದು, ಎಲ್ಲದರ ಕಾಗದ ಅಲ್ಲಿತ್ತು. ಈ ಹೆಂಗಸು ಇವತ್ತು ಇನ್ನೊಂದು ಕಾರಿನಲ್ಲಿ ಹೋಗಬಾರದು, ಏನಾದರಾಗಲಿ ಹೋಗಬಾರದು ಎಂದು ಅವನ ಜೀವ ಹೊಡೆದುಕೊಂಡಿತು. ಕಾಗದಗಳನ್ನು ಚಡ್ಡಿಯ ಕಿಸೆಗೆ ತುರುಕಿಕೊಂಡು ಅವನು ಮತ್ತೆ ತಂತಿಗಳತ್ತ ತಿರುಗಿದನು.

ಎಂಟು ಗಂಟೆಗೆ ಸರಿಯಾಗಿ ಪ್ರತಿನಾಯಕನ ಆಗಮನವಾಯಿತು. ಕಸ್ತೂರೆವ್ವನ ತಮ್ಮನೂ, ಸಿಮೆಂಟು-ಕಬ್ಬಿಣ-ವ್ಯಾಪಾರ-ಧುರಂಧರನೂ, ಹೊಸಗಾಡಿಯ-ಸೀಟಿನ-ಪ್ಲಾಸ್ಟಿಕ್ಕನ್ನು-ಇನ್ನೂ-ಹರಿಯದವನೂ ಆದ ಶಂಕ್ರಪ್ಪನು, ಕಡುನೀಲಿಯ ರಥವನ್ನು ಗೇಟಿನೆದುರು ಸದ್ದಿಲ್ಲದೆ ತಂದು ನಿಲ್ಲಿಸಿದನು. ನಾಲ್ಕೂ ಗಾಜುಗಳು ಒಟ್ಟಿಗೆ, ಮಂತ್ರಕ್ಕೆ ಮಣಿದಂತೆ, ಕೆಳಗಿಳಿದವು. ಅವನು ಇಳಿದು ಬಂದು, ಸುಲಿದ ಬಾಗಿಲನ್ನೂ, ಅದರ ಬುಡದಲ್ಲಿ ಕೂತ ಭಾವನನ್ನೂ ನೋಡಿದನು.

"ಹಳೆಯ ಕಾಲದ ಯೋಧನೇ, ಸಾಕುಮಾಡು! ನನ್ನ ರಥದ ಗುಂಡಿಯನ್ನು ಒಮ್ಮೆ ತಾಕಿದರೆ ಸಾಕು, ಗಾಜು ತಾನಾಗಿಯೇ ಇಳಿದು ತಾನಾಗಿಯೇ ನಿಲ್ಲುವುದು. ಅದರ ಶೀತಲಮಾರುತದಲ್ಲಿ ನಿನ್ನ ಅರ್ಧಾಂಗಿಯು ಕೊಪ್ಪಳವನ್ನು ತಲುಪಿದ್ದನ್ನೂ ಅರಿಯಳು. ಸೋತೆನೆಂದು ಒಪ್ಪಿಕೊಂಡರೆ ಹಿಂದಿನ ಸೀಟಿನಲ್ಲಿ ನಿನಗೂ ಜಾಗವನ್ನು ದಯಪಾಲಿಸುವೆನು!"

ಎಂಬುದು ಕಾವ್ಯ. ಶಂಕ್ರಪ್ಪ ಅಂದದ್ದು ಹೀಗೆ: "ಮಾಮಾ, ಬಿಡ್ರಿ ಆ ಡಬ್ಬೀನ. ಒಬ್ಬರ ಯಾಕ, ನೀವೂ ನನ್ನ ಗಾಡ್ಯಾಗ ಬರ್ರಿ. ಹಿಂದ ಆರಾಮ ಕುಂದರ್ರಿ."

ಹಿಂದ ಎಂಬ ಆ ಮಾತು ಅಂದಾನಪ್ಪನಿಗೆ ಎದೆಗೇ ನಾಟಿತು. "ಇನ್ನ ಒಂದ ತಾಸ ಐತಿ," ಎಂದನು. ಶಂಕ್ರಪ್ಪ ಅಕ್ಕನ ಕೈಯ ಚಹಾ ಕುಡಿಯಲು ಒಳಗೆ ಹೋದನು. ಒಳಗಿಂದ ಅಕ್ಕ ತಮ್ಮನ ನಗು ಕೇಳಿಬಂತು. ಅವರು ತನ್ನನ್ನೇ ಆಡಿಕೊಂಡು ನಗುತ್ತಿದ್ದಾರೆಂದು ಅಂದಾನಪ್ಪ ತಿಳಿದನು. ಅವರು ನಿಜಕ್ಕೂ ಅವನನ್ನೇ ಆಡಿಕೊಂಡು ನಗುತ್ತಿದ್ದರು.

ಆಗ ವೀರನು ಯಾವ ವೀರನೂ ಸುಲಭಕ್ಕೆ ಮಾಡದ ಸಾಹಸವೊಂದಕ್ಕೆ ಮನಸ್ಸು ಮಾಡಿದನು. ಬನಿಯನ್ನಿನ ಮೇಲೊಂದು ಅಂಗಿ ಸಿಕ್ಕಿಸಿಕೊಂಡು, ಮುಖ್ಯರಸ್ತೆಯ ಜನರ ಕಣ್ಣು ತಪ್ಪಿಸಿ, ಹಿತ್ತಿಲ ಸಂದಿಯಿಂದ ನುಸುಳಿ, ಎರಡು ಓಣಿಯಾಚೆ ಇದ್ದ ರಾಜೇಸಾಬನ ಗ್ಯಾರೇಜಿಗೆ ನಡೆದನು. ಕಾರು ಬೈಕುಗಳ ವೈರಿಂಗು ಮಾಡುವ ರಾಜೇಸಾಬ ಆಗತಾನೇ ಶಟರು ಎತ್ತಿ ಊದಿನಕಡ್ಡಿ ಹಚ್ಚುತ್ತಿದ್ದ. ಹಿಂದೊಮ್ಮೆ ಇದೇ ಗ್ಯಾರೇಜಿನ ಮೀಟರಿನ ಬಗ್ಗೆ ಇದೇ ಅಂದಾನಪ್ಪ ಇದೇ ರಾಜೇಸಾಬನಿಗೆ ಅರ್ಧ ತಾಸು ಪಾಠ ಹೇಳಿದ್ದನು.

"ರಾಜೇಸಾಬ್ರ, ಫಾಲ್ಟ್ ನಾ ಹುಡುಕೀನಿ. ಪೂರಾ ಗಾಡೀಗೆ ಸಪ್ಲಾಯ್ ಕಟ್ಟಾಗೇತಿ. ಒಂದೀಟ ಕೈ ಹಚ್ಚಾಕ ಬರ್ರಿ."

"ಬರ್ತೀನಿ ನಡೀರಿ ಸಾಹೇಬ್ರ," ಎಂದ ರಾಜೇಸಾಬ. ಸಪ್ಲಾಯ್ ಪೂರಾ ಕಟ್ಟಾದ ಗಾಡಿಯ ಹಾರ್ನು ತನ್ನ ಮನೆಯ ತನಕ ಕೇಳಿಸಿತ್ತೆಂದು ಅವನು ಹೇಳಲಿಲ್ಲ. ಅವನು ಸಭ್ಯ ಮನುಷ್ಯ.

ಸ್ಕೂಟರಿನಲ್ಲಿ ಬಂದಿಳಿದ ರಾಜೇಸಾಬನು ಸುಲಿದ ಎಡಬಾಗಿಲನ್ನು ಒಮ್ಮೆ ನೋಡಿ ತಲೆ ಕೆರೆದುಕೊಂಡು, ಕಿತ್ತಿದ್ದ ಬ್ಯಾಟರಿಯ ತಂತಿಯನ್ನು ಸೇರಿಸಿ, ಕೂಗತೊಡಗಿದ ಹಾರ್ನನ್ನು ಸ್ಟೇರಿಂಗಿನ ಕೆಳಗೆ ಒಂದೇ ಬೆರಳಿನಿಂದ ಸುಮ್ಮನಾಗಿಸಿ, ಕಿಸೆಯಿಂದ ತನ್ನ ಆಯುಧವನ್ನು ತೆಗೆದನು. ಅದೊಂದು ಸ್ಕೂಟರಿನ ಸಣ್ಣ ಬಲ್ಬು, ಅದಕ್ಕೆ ಎರಡು ವೈರು. ಅಷ್ಟೇ. ಒಂದು ವೈರನ್ನು ಬಾಗಿಲಿನ ಕಬ್ಬಿಣಕ್ಕೂ ಇನ್ನೊಂದನ್ನು ಫ್ಯೂಜಿಗೂ ಮುಟ್ಟಿಸಿದನು. ಬಲ್ಬು ಝಗ್ಗನೆ ಹತ್ತಿತು.

"ಕರೆಂಟ ಐತಲ್ರಿ ಸಾಹೇಬ್ರ."

ಅಂದಾನಪ್ಪ ಟೆಸ್ಟರನ್ನು ಮುಂದೆ ಚಾಚಿದನು. "ಮತ್ತ ಇದು ಹತ್ತವಲ್ದಲ್ಲ?"

"ಅದು ಮನಿ ಕರೆಂಟಿಂದ್ರಿ. ಇನ್ನೂರ ಮೂವತ್ತಕ್ಕ ಹತ್ತತೈತಿ. ಕಾರಿನ ಬ್ಯಾಟರಿ ಹನ್ನೆರಡ ವೋಲ್ಟ್. ಇದಕ್ಕ ಅದು ಎಂದೂ ಹತ್ತೂದಿಲ್ರಿ."

ಎಲೈ ಕೇಳುಗರೇ, ಇದು ಅಂದಾನಪ್ಪನಿಗೆ ಗೊತ್ತಿರದ ಸಂಗತಿಯಲ್ಲ. ತರಬೇತಿಗೆ ಬಂದ ಹುಡುಗರಿಗೆ ಅವನೇ ಎಷ್ಟೋ ಸಲ ಹೇಳಿದ್ದನು. ಆದರೆ ಮೂವತ್ತನಾಲ್ಕು ವರ್ಷ ದೊಡ್ಡ ಕರೆಂಟಿನ ಸಹವಾಸ ಮಾಡಿದವನಿಗೆ ಹನ್ನೆರಡು ವೋಲ್ಟೂ ಒಂದು ಕರೆಂಟು ಎಂಬುದು ತಲೆಗೇ ಹೊಳೆದಿರಲಿಲ್ಲ. ಅವನಿಗೆ ಭಾರಿ ನಾಚಿಕೆಯಾಯಿತು. "ಗೊತ್ತೈತಿ," ಎಂದು ಟೆಸ್ಟರನ್ನು ಬೆನ್ನ ಹಿಂದೆ ಹಿಡಿದುಕೊಂಡನು.

ರಾಜೇಸಾಬ ಎಡಬಾಗಿಲನ್ನು ಬಿಟ್ಟು ಬಲಕ್ಕೆ ನಡೆದನು. ಎಡಗಾಜಿಗೂ ಬಲಗಾಜಿಗೂ ಹೋಗುವ ಕರೆಂಟು ಓಡಿಸುವವನ ಬಾಗಿಲಿನಲ್ಲಿರುವ ದೊಡ್ಡ ಸ್ವಿಚ್ಚನ್ನು ದಾಟಿಯೇ ಹೋಗಬೇಕೆಂದು ಅವನು ಹೇಳಿದಾಗ, ಎರಡೂವರೆ ತಾಸಿನ ಮಹಾಯುದ್ಧವು ತಪ್ಪು ರಾಜ್ಯದಲ್ಲಿ ನಡೆದಿತ್ತೆಂಬುದು ತಿಳಿದುಬಂತು. ಸ್ವಿಚ್ಚಿನ ಡಬ್ಬಿಯನ್ನು ಮೀಟಿ ತೆಗೆದು, ಮುಚ್ಚಳ ಬಿಚ್ಚಿ, ರಾಜೇಸಾಬ ಬಹಳ ಹೊತ್ತು ಒಳಗೆ ನೋಡಿದನು. ಕೊನೆಗೆ ಮೆತ್ತಗೆ ಕೇಳಿದನು:

"ಸಾಹೇಬ್ರ, ಖಂಡೇಪೂಜಿ ಭಾಳ ಜೋರ್ ಮಾಡ್ತೀರೇನ್ರಿ?"

ಅಂದಾನಪ್ಪ ಬಗ್ಗಿ ನೋಡಿದನು. ಸ್ವಿಚ್ಚಿನೊಳಗೆ ತಾಮ್ರ ಕಾಣಲಿಲ್ಲ. ವಿಭೂತಿ, ಅದರ ಮೇಲೆ ಕುಂಕುಮ, ಅದರ ಮೇಲೆ ಮತ್ತೆ ವಿಭೂತಿ, ಎಲ್ಲವನ್ನೂ ಗಟ್ಟಿಯಾಗಿ ಅಂಟಿಸಿದ ತೆಂಗಿನಕಾಯಿಯ ನೀರು. ಮಹಾನವಮಿಯ ದಿನ ಜನರೆಲ್ಲ ಗಾಡಿಯ ಬಾನೆಟ್ಟಿಗೂ ಚಕ್ರಕ್ಕೂ ಬೊಟ್ಟಿಟ್ಟು ಮುಗಿಸಿದರೆ, ಅಂದಾನಪ್ಪನು ಹಾಗೆ ಬೇಕಾಬಿಟ್ಟಿ ಮಾಡುವವನಲ್ಲ. ಸಬ್‌ಸ್ಟೇಷನ್ನಿನಲ್ಲಿ ಪ್ರತಿ ಸ್ವಿಚ್ಚಿಗೂ ಬೊಟ್ಟು ಇಡಿಸುತ್ತಿದ್ದ ಶಿಸ್ತಿನಲ್ಲೇ ಕಾರಿನ ಪ್ರತಿ ಗುಂಡಿಗೂ ಬೆರಳದ್ದಿ ವಿಭೂತಿ ಹಚ್ಚಿ, ಕುಂಕುಮ ಏರಿಸಿ, ಒಡೆದ ಕಾಯಿಯ ನೀರನ್ನು ಧಾರಾಳವಾಗಿ ಚಿಮುಕಿಸುತ್ತಿದ್ದನು. ಇಪ್ಪತ್ತೊಂದು ನವಮಿಗಳ ಭಕ್ತಿ ಒಳಗೆ ಸಿಮೆಂಟಾಗಿ ಕುಳಿತಿತ್ತು. ಗಾಜನ್ನು ಹಿಡಿದು ನಿಲ್ಲಿಸಿದ ದುಷ್ಟ ಶತ್ರು ಬೇರೆ ಯಾರೂ ಅಲ್ಲ, ಅವನದೇ ಹೆಬ್ಬೆರಳು.

"ನಾನೂ ಗ್ಯಾರೇಜನ್ಯಾಗ ಪೂಜಿ ಮಾಡಸ್ತೀನ್ರಿ," ಎಂದ ರಾಜೇಸಾಬ, ಹಳೆಯ ಹಲ್ಲುಜ್ಜುವ ಬ್ರಶ್ಶನ್ನು ಪೆಟ್ರೋಲಿಗೆ ಅದ್ದುತ್ತ. "ಆದ್ರ ಪಾನಾ, ಇಕ್ಕಳಕ್ಕ ಹಚ್ಚಿ ಬಿಡ್ತೀವಿ, ಸ್ವಿಚ್ಚಿಗೆ ಹಚ್ಚೂದಿಲ್ಲ."

"ಈ ಮಾತ ಒಳಗ ಹೇಳಬ್ಯಾಡ್ರಿ."

"ಇಲ್ರಿ, ಯಾಕ ಹೇಳ್ಲಿ."

ಬ್ರಶ್ಶು ಉಜ್ಜಿತು, ಪಾಲಿಶ್ ಕಾಗದ ತಿಕ್ಕಿತು, ಕೆಂಪು ನೀರು ಅಂಗಳಕ್ಕೆ ರಕ್ತದಂತೆ ಹರಿಯಿತು. ಗಡಿಯಾರ ಒಂಬತ್ತಕ್ಕೆ ಎಂಟು ನಿಮಿಷ ತೋರಿಸುತ್ತಿರಲು, ರಾಜೇಸಾಬ ಸ್ವಿಚ್ಚನ್ನು ಜೋಡಿಸಿ, "ಒತ್ತರಿ ಸಾಹೇಬ್ರ" ಎಂದನು. ಆಗ ಆ ಅಂದಾನಪ್ಪನು, ಆ ತಿಮಿರ-ಸಂಹಾರಕನು, ಆ ಸ್ತಂಭ-ಪ್ರತಿಷ್ಠಾಪನಾಚಾರ್ಯನು, ತೋರುಬೆರಳನ್ನು ಚಾಚಿ ಗುಂಡಿಯನ್ನು ಒತ್ತಿದನು. ಬಾಗಿಲಿನ ಒಡಲಿನಿಂದ ಗುಂಯ್ ಎಂಬ ನಾದ ಎದ್ದಿತು. ಎಡಗಾಜು ಒಂದು ಬೆರಳು ಇಳಿಯಿತು, ನಾಲ್ಕು ಬೆರಳು ಇಳಿಯಿತು, ಗೇಣು ಇಳಿಯಿತು, ಪೂರ್ತಿ ಇಳಿಯಿತು! ದೇವತೆಗಳು ಹೂಮಳೆ ಕರೆಯಲಿಲ್ಲ. ಅಂದಾನಪ್ಪನಿಗೆ ಅದು ಗಮನಕ್ಕೂ ಬರಲಿಲ್ಲ, ಅವನ ಕಣ್ಣು ಮಂಜಾಗಿತ್ತು.

ಅವನು ಹಾರಿಬಿದ್ದು ಮುಖ ತೊಳೆದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಧೋತರ ಉಟ್ಟು ಬರುವಷ್ಟರಲ್ಲಿ ಕಸ್ತೂರೆವ್ವ ಇಳಕಲ್ ಸೀರೆಯುಟ್ಟು, ಉಡಿಯ ಸಾಮಾನಿನ ಚೀಲ ಹಿಡಿದು ಹೊರಗೆ ಬಂದಳು. ಶಂಕ್ರಪ್ಪನು ತನ್ನ ರಥದ ಬಾಗಿಲು ತೆರೆದು ನಿಂತನು. ಆಕೆ ಆ ಚೀಲವನ್ನು ಅವನ ಕೈಗೆ ಕೊಟ್ಟು, "ಇದನ್ನ ನಿನ್ನ ಗಾಡ್ಯಾಗ ಇಟಗೋ ತಮ್ಮಾ, ನಮ್ಮದರಾಗ ಜಾಗ ಇಲ್ಲ" ಎಂದು ನೆಟ್ಟಗೆ ನಡೆದುಬಂದು, ಎಲುಬು ಕಾಣುವ ಬಾಗಿಲನ್ನು ತೆರೆದು, ಬಿಳಿಯ ಕಾರಿನ ಮುಂದಿನ ಎಡಸೀಟಿನಲ್ಲಿ ಕುಳಿತಳು. ಕಿತ್ತ ಒಳಹಲಗೆಯು ಹಿಂದಿನ ಸೀಟಿನಲ್ಲಿ ಅಡ್ಡ ಮಲಗಿತ್ತು.

ವಿಜಯಶ್ರೀಯನ್ನು ವಾಮಭಾಗದಲ್ಲಿ ಧರಿಸಿದ ಅಂದಾನಪ್ಪನು ಎದೆಯುಬ್ಬಿಸಿ ರಥವನ್ನು ಗೇಟು ದಾಟಿಸಿದನು. ಓಣಿಯ ಜನರೆಲ್ಲ ಆ ಇಳಿದ ಗಾಜನ್ನು ನೋಡಲೆಂದೇ ನಿಧಾನವಾಗಿ ಓಡಿಸಿದನು. ಮುಖ್ಯರಸ್ತೆಗೆ ತಿರುಗುತ್ತಲೇ ಮರಳಿನ ಲಾರಿಯೊಂದು ಎದುರಿಗೆ ಹಾದುಹೋಯಿತು. ಕಸ್ತೂರೆವ್ವ ಸೆರಗನ್ನು ಮೂಗಿಗೆ ಹಿಡಿದಳು.

"ಗ್ಲಾಸ್ ಏರಸ್ರಿ, ಧೂಳ ಬರ್ತೈತಿ."

"ಏರಸೂದಾ? ನಿನಗ ತೊಳಸ್ತೈತಲ್ಲ?"

"ಇಲ್ಲ. ಏಳಕ್ಕ ವಾಂತಿ ಗುಳಿಗಿ ನುಂಗೀನಿ. ಕೊಪ್ಪಳ ಮುಟ್ಟೂತನಾ ಏನೂ ಆಗೂದಿಲ್ಲ."

ಅಂದಾನಪ್ಪ ಬ್ರೇಕಿನ ಮೇಲೆ ಕಾಲಿಟ್ಟನು. "ಏಳಕ್ಕ? ಹಂಗಾರ ಗ್ಲಾಸ್ ಇಳೀದಿದ್ರೂ..."

"ನಿಮ್ಮ ಜೋಡೀನ ಬರ್ತಿದ್ನಿ. ಮತ್ತ್ಯಾರ ಜೋಡಿ ಹೋಗ್ಲಿ? ನಿನ್ನಿ ಸಂಜೀಕ ಸಿಟ್ಟಿಗೆ ಒಂದ ಮಾತ ಅಂದೆ. ಮುಂಜಾನೆ ನೀವು ಆ ಚಡ್ಡಿ ಮ್ಯಾಲ ಗಾಡಿ ಬುಡಕ ಬಿದ್ದದ್ದ ನೋಡಿ ಕರಳ ಚುರ್ ಅಂತು, ಗುಳಿಗಿ ತಗೊಂಡ್ನಿ."

"ಅಲ್ಲ, ಮೊದಲ ಹೇಳಬಾರದೇನ?"

"ಹೇಳಿದ್ರ ಬಿಡ್ತಿದ್ರೇನು?"

ನಲವತ್ತೆರಡು ಹಳ್ಳಿಗಳ ಕತ್ತಲೆಯನ್ನು ಕಳೆದವನು ಬ್ರೇಕಿನಿಂದ ಕಾಲು ತೆಗೆದನು. ಅವನು ಗುಂಡಿ ಒತ್ತಿದನು, ಗಾಜು ಗುಂಯ್ ಎಂದು ಮೇಲೇರಿತು. ಕೊಪ್ಪಳದ ತನಕ ಮತ್ತೆ ಇಳಿಸುವ ಪ್ರಮೇಯ ಬರಲಿಲ್ಲ.